ಹಿಂದಕ್ಕೆ ಕೊಟ್ಟ ಜಾತಕ

ಸೇವಂತಿಗೆ ಹಾರದಿಂದ ಕುತ್ತಿಗೆ ತುರಿಸುತ್ತಿತ್ತು. ತೆಗೆದು ಮೇಜಿನ ಮೇಲಿಡೋಣವೆಂದು ಚಂದ್ರಶೇಖರ ಕೈ ಎತ್ತುವಷ್ಟರಲ್ಲಿ ಚಿಕ್ಕಬೋರಮ್ಮ ವೇದಿಕೆಯ ಮೆಟ್ಟಿಲು ಹತ್ತಿ ಬಂದೇಬಿಟ್ಟಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ. ಬೂಕನಕೆರೆಯ ಮಕ್ಕಳಿಗೆಂದು ಅವನು ಕಟ್ಟಿಸಿಕೊಟ್ಟ ಕಂಪ್ಯೂಟರ್ ಕೊಠಡಿಯ ಉದ್ಘಾಟನೆ ಆಗಷ್ಟೇ ಮುಗಿದು, ಜನ ಪುಳಿಯೋಗರೆಯ ಕಡೆ ಕತ್ತು ಹೊರಳಿಸುತ್ತಿದ್ದರು.

"ನಮ್ ರಮ್ಯನ್ ಜಾತ್ಕ ತಂದ್ಯೇನಪ್ಪ?"

"ತಂದಿದ್ದೀನಮ್ಮ."

ಆ ಸೀಮೆಯಲ್ಲಿ ಹೆಣ್ಣಿನ ಜಾತಕಕ್ಕೆ ಹೆಣ್ಣಿನಷ್ಟೇ ಮರ್ಯಾದೆ. ಫೋಟೋದ ಜೊತೆಗಿಟ್ಟು, ಕುಂಕುಮ ಹಚ್ಚಿ ಕೊಡುತ್ತಾರೆ. ಸಂಬಂಧ ಕೂಡಿಬರದಿದ್ದರೆ ಇಸಿದುಕೊಂಡವರೇ ತಂದು ಒಪ್ಪಿಸಬೇಕು. ಮದುವೆ ಗೊತ್ತಾದ ಮೇಲಂತೂ ಅದು ಪರರ ಮನೆಯಲ್ಲಿ ಇರಲೇಕೂಡದು. ಚಿಕ್ಕಬೋರಮ್ಮನ ಮಗಳು ರಮ್ಯಳಿಗೆ ಶೀಳನೆರೆಯ ಚಲುವರಾಜುವಿನ ಜೊತೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಯಾರೋ ಅರಸೀಕೆರೆ ಕಡೆಯವರು ರಮ್ಯಳ ಫೋಟೋ ಹಿಡಿದು ಹೆಣ್ಣು ನೋಡಲು ಬಂದು, ತಪ್ಪಿ ವರನ ಸೋದರಮಾವ ದೇವಯ್ಯನನ್ನೇ ದಾರಿ ಕೇಳಿದ್ದರು. ದೇವಯ್ಯ ಕೆಂಡವಾಗಿದ್ದ. ನಮಗೆ ಮಾತು ಕೊಟ್ಟು ಇನ್ನೊಬ್ಬರಿಗೆ ಹೆಣ್ಣು ತೋರಿಸುತ್ತಾರಾ? ಜಾತಕ ವಾಪಸ್ಸು ಬರಲಿ, ಇನ್ನೊಂದು ಸಲ ಹೀಗಾದರೆ ಮಾತು ಮುರಿದಂತೆ ಎಂದು ಖಡಾಖಂಡಿತ ಹೇಳಿದ್ದ. ಈಗ ಮೊದಲ ಸಾಲಿನಲ್ಲೇ ಕಾಲಮೇಲೆ ಕಾಲು ಹಾಕಿ ಕೂತಿದ್ದ.

ಚಂದ್ರಶೇಖರ ಪಾಂಡವಪುರದ ಅಕ್ಕಸಾಲಿಗರ ಮನೆಯವನು. ಚಿಕ್ಕಬೋರಮ್ಮನ ತಾಳಿಯನ್ನು ಮಾಡಿದ್ದು ಅವನಪ್ಪನೇ. ಒಡವೆಗೆಂದು ಕೊಟ್ಟ ಚಿನ್ನದಲ್ಲಿ ಅರದಲ್ಲಿ ಉಜ್ಜಿದ ಪುಡಿ ಮಿಕ್ಕರೂ ಕಾಗದದಲ್ಲಿ ಮಡಚಿ ಹಿಂದಕ್ಕೆ ಕೊಡುತ್ತಿದ್ದ ಮನುಷ್ಯ. ಮಗನಿಗೆ ಕುಲುಮೆ ಹಿಡಿಸಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅದೇ ಅಂಗಡಿಯಲ್ಲಿ ಒಂದು ಕಂಪ್ಯೂಟರು, ಒಂದು ಟೆಲಿಫೋನ್ ಲೈನು ಇಟ್ಟುಕೊಂಡು, ಇಂಟರ್ನೆಟ್ಟಿನಲ್ಲಿ ಜಾತಕ ಹೊಂದಿಸುತ್ತೇನೆಂದು ಬೋರ್ಡು ಹಾಕಿದ. ಜನ ನಕ್ಕರು. ನಕ್ಕವರೇ ಆಮೇಲೆ ಹೆಣ್ಣುಮಕ್ಕಳ ಫೋಟೋ ತಂದರು, ಅಕ್ಕಸಾಲಿ ಆಚಾರ್ರ ಮಗ ಎಂಬ ಒಂದೇ ನಂಬಿಕೆಯ ಮೇಲೆ. ಎರಡೇ ವರ್ಷದಲ್ಲಿ ಮುಂಬೈಯ ಕಂಪನಿಯೊಂದು ಅವನ ವೆಬ್‌ಸೈಟನ್ನು ಕಣ್ಣು ಕುಕ್ಕುವ ಬೆಲೆಗೆ ಕೊಂಡುಕೊಂಡಿತು. ಈಗ ಅವನು ಮೈಸೂರಿನಲ್ಲಿ ಕೂತು ಹುಡುಗರ ಹೊಸ ಕಂಪನಿಗಳಿಗೆ ಬಂಡವಾಳ ಹಾಕುತ್ತಾನೆ, ಊರೂರಿಗೆ ಕೊಠಡಿ ಕಟ್ಟಿಸುತ್ತಾನೆ, ಪೇಪರಿನವರು ಅವನನ್ನು ದಾನಿ ಎನ್ನುತ್ತಾರೆ. ಆ ಮಾತು ಕೇಳಿದರೆ ಅವನಿಗೆ ನಿಜಕ್ಕೂ ಹಿತವಾಗುತ್ತಿತ್ತು.

ಕಂಪನಿಯವರಿಗೆ ಕಾಗದಗಳು ಬೇಕಿರಲಿಲ್ಲ. ಅವರು ಒಯ್ದದ್ದು ಕಂಪ್ಯೂಟರಿನೊಳಗಿದ್ದ ಫೋಟೋ, ಜಾತಕಗಳ ಪ್ರತಿಗಳನ್ನು. ರಮ್ಯಳ ಮೂಲ ಜಾತಕ ಹಳೆ ಅಂಗಡಿಯ ಅಟ್ಟದಲ್ಲಿ ಹಾಗೇ ಬಿದ್ದಿತ್ತು. ಚಿಕ್ಕಬೋರಮ್ಮ ಹೇಳಿಕಳಿಸಿದ ದಿನವೇ ಅವನು ಮುಂಬೈಗೆ ಫೋನು ಮಾಡಿ, ಆ ಹುಡುಗಿಯದೊಂದನ್ನು ತೆಗೆದುಬಿಡಿ ಎಂದು ಕೇಳಿಕೊಂಡಿದ್ದ. ಆ ಕಡೆಯವನು ಬಹಳ ವಿನಯದಿಂದಲೇ ಮಾತಾಡಿದ. ತೆಗೆಯಬಹುದು ಸಾರ್, ಆದರೆ ಬೇರೆ ಕಂಪನಿಗಳಿಗೂ ಕೊಟ್ಟಾಗಿದೆ, ಊರೂರಿನ ಇಂಟರ್ನೆಟ್ ಅಂಗಡಿಗಳಲ್ಲಿ ಜನ ಪ್ರಿಂಟು ತೆಗೆದುಕೊಂಡಿದ್ದಾರೆ, ಎಲ್ಲಿಂದ ಅಂತ ತೆಗೆಯೋಣ? ಚಂದ್ರಶೇಖರ ಅಂದು ಊಟ ಮಾಡಿರಲಿಲ್ಲ. ಈ ಮಾತನ್ನು ಚಿಕ್ಕಬೋರಮ್ಮನಿಗೆ ಹೇಳಲೇಬೇಕು ಎಂದುಕೊಂಡೇ ಬೂಕನಕೆರೆಗೆ ಬಂದಿದ್ದ.

ಅವನು ಲಕೋಟೆಯನ್ನು ತಟ್ಟೆಯಲ್ಲಿಟ್ಟ. ಚಿಕ್ಕಬೋರಮ್ಮ ಫೋಟೋವನ್ನು ಸೆರಗಿನಿಂದ ಒರೆಸಿ ಕಣ್ಣಿಗೊತ್ತಿಕೊಂಡಳು. ಅವಳ ಗಂಡ ನಿಂಗರಾಜು ಕೆಳಗೆ ಕೈಮುಗಿದು ನಿಂತಿದ್ದ. ಅವನ ಹಿಂದೆ ರಮ್ಯ ತಲೆ ತಗ್ಗಿಸಿಕೊಂಡಿದ್ದಳು.

ದೇವಯ್ಯ ಎದ್ದ. "ನಾಕು ಜನದ್ ಮುಂದೆ ಒಂದ್ ಮಾತು ಕೇಳ್ಬುಡ್ತೀನಿ ಸ್ವಾಮಿ, ಬೇಜಾರ್ ಮಾಡ್ಕಬ್ಯಾಡಿ. ಈ ಎಣ್ಮಗೀನ್ ಫೋಟೋ ಇನ್ನೆಲ್ಲೂ ಇಲ್ಲ ತಾನೆ?"

ಗುಜುಗುಜು ನಿಂತಿತು. ಹೆಡ್‌ಮಾಸ್ತರರು ಮೈಕನ್ನು ಚಂದ್ರಶೇಖರನ ಕಡೆ ತಿರುಗಿಸಿದರು. ಇದೆ ಎಂದರೆ ಮದುವೆ ಇಲ್ಲೇ ಮುರಿಯುತ್ತದೆ. ಅದು ಅವನ ಮನಸ್ಸಿಗೆ ಬಂದದ್ದು ನಿಜ. ಆದರೆ ಅದಕ್ಕಿಂತ ಮೊದಲು ಬಂದದ್ದು ಬೇರೆ. ಈ ಜನರಲ್ಲಿ ಎಷ್ಟು ಮನೆಯವರು ಅವನಿಗೆ ಫೋಟೋ ಕೊಟ್ಟಿದ್ದರೋ ಅವರೆಲ್ಲ ಇದೇ ವೇದಿಕೆ ಹತ್ತಿ ಬರುತ್ತಾರೆ.

"ಇಲ್ಲ," ಎಂದ. "ಇದ್ದದ್ದು ಇದೊಂದೇ."

"ಅಂಗಂದ್ರೆ ಆಯ್ತು ಬುಡಿ." ದೇವಯ್ಯ ನಕ್ಕು ನಿಂಗರಾಜುವಿನ ಹೆಗಲಿಗೆ ಕೈಹಾಕಿದ. "ನಡೀಲಾ, ಇವತ್ತೇ ನಿಮ್ಮನೇಲಿ ಎಲೆ ಅಡ್ಕೆ ಬದಲಾಯಿಸ್ಕಂಡ್ ಬುಡವ. ನಮ್ಮೋರೆಲ್ಲಾ ಇಲ್ಲೇ ಅವ್ರೆ."

ಚಿಕ್ಕಬೋರಮ್ಮ ಚಂದ್ರಶೇಖರನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮಪ್ಪನ್ ಎಸ್ರು ಉಳಿಸ್ದೆ ಕಣಪ್ಪ. ತಣ್ಣಗಿರು." ಅವಳ ಅಂಗೈ ಒರಟಾಗಿ, ಬೆಚ್ಚಗಿತ್ತು. ಅವನಿಗೆ ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ಊಟಕ್ಕೆ ನಿಲ್ಲದೆ ಹೊರಟ. ಹಳ್ಳಿ ದಾಟಿ ಕಬ್ಬಿನ ಗದ್ದೆಗಳ ಮಧ್ಯೆ ರಸ್ತೆ ಕಿರಿದಾಗುವ ಕಡೆ, ಎದುರಿನಿಂದ ಬಂದ ಬಿಳಿ ಅಂಬಾಸಿಡರು ಪಕ್ಕಕ್ಕೆ ನಿಂತಿತು. ಚಂದ್ರಶೇಖರನ ಡ್ರೈವರ್ ದಾಸಯ್ಯನೂ ಗಾಡಿ ನಿಲ್ಲಿಸಿದ. ಮುಂದಿನ ಸೀಟಿನ ಹಿರಿಯರು ಕಿಟಕಿಯಿಂದ ತಲೆ ಹೊರಹಾಕಿದರು. ಜರಿ ಅಂಚಿನ ಶಲ್ಯ, ಹಣೆಯಲ್ಲಿ ವಿಭೂತಿ. ಹಿಂದೆ ಅವರ ಹೆಂಡತಿ, ಮಗ್ಗುಲಲ್ಲಿ ಇಸ್ತ್ರಿ ಅಂಗಿಯ ಮಗ. ಸಂಭಾವಿತ ಜನ.

"ಬೂಕನಕೆರೆ ನಿಂಗರಾಜು ಅಂತ, ರಮ್ಯ ಅನ್ನೋ ಹುಡುಗಿ ತಂದೆ. ಮನೆ ಯಾವ ಕಡೆ ಬರುತ್ತೆ? ಇಂಟರ್ನೆಟ್ಟಿನ ಪ್ರಿಂಟಲ್ಲಿ ಫೋನ್ ನಂಬರು ಇರ್ಲಿಲ್ಲ, ನೇರವಾಗಿ ಬಂದ್ಬಿಟ್ವಿ."

ಚಂದ್ರಶೇಖರ ಕಿಟಕಿಯ ಗಾಜು ಇಳಿಸಿದ. ಮದುವೆ ಗೊತ್ತಾಗಿದೆ, ಹಿಂದಿರುಗಿ ಎನ್ನಬೇಕು. ನಿಮಗೆ ಹೇಗೆ ಗೊತ್ತು, ನೀವು ಯಾರು ಎಂದು ಅವರು ಕೇಳಿದರೆ? ಅವನು ಮಾತು ಹುಡುಕುತ್ತಿರುವಾಗಲೇ ದಾಸಯ್ಯ ಹುರುಪಿನಿಂದ ಹೊರಕ್ಕೆ ಬಾಗಿ ಕೈ ತೋರಿಸಿದ.

"ಇಂಗೇ ನೇರ ಓಗಿ ಸಾಮಿ, ಅರಳೀಕಟ್ಟೆ ತಾವ ಎಡಕ್ಕೆ. ಬಾಗಿಲ್ ಮುಂದೆ ಜನ ಸೇರಿರ್ತಾರೆ, ಗೊತ್ತಾಯ್ತದೆ. ಒಳ್ಳೆ ಟೈಮಿಗೇ ಬಂದ್ರಿ ಬುಡಿ, ಮನೇಲೇ ಅವ್ರೆ."

ಹಿಂದೆ ಕೂತಿದ್ದ ಹೆಂಗಸು ಮಡಿಲಿನ ಒದ್ದೆ ಬಟ್ಟೆ ಬಿಚ್ಚಿ ಒಂದು ಮೊಳ ಮಲ್ಲಿಗೆ ಮುರಿದು, ಕಿಟಕಿಯಿಂದ ಚಂದ್ರಶೇಖರನತ್ತ ಚಾಚಿದಳು. "ಒಳ್ಳೆ ಕೆಲ್ಸಕ್ಕೆ ಹೊರಟಿದ್ದೀವಿ, ದಾರೀಲಿ ಸಿಕ್ಕಿದ್ರಿ. ಮನೆಯವರಿಗೆ ಕೊಡಿ."

ಅವನು ತೆಗೆದುಕೊಂಡ. ಅಂಬಾಸಿಡರು ಧೂಳೆಬ್ಬಿಸುತ್ತ ಊರಿನ ಕಡೆ ಹೋಯಿತು. ದಾಸಯ್ಯ ಕನ್ನಡಿಯಲ್ಲಿ ಅವನ ಮುಖ ನೋಡಿ ಕಾದ.

"ಒರಡ್ಲಾ ಸಾರ್?"

ಧೂಳು ಕಬ್ಬಿನ ಗರಿಗಳ ಮೇಲೆ ನಿಧಾನವಾಗಿ ಕೂರುತ್ತಿತ್ತು. ಮಲ್ಲಿಗೆಯ ನೀರು ಬೆರಳ ಸಂದಿನಿಂದ ಅವನ ಪಂಚೆಯ ಮೇಲೆ ತೊಟ್ಟಿಕ್ಕಿತು.

"ಹೊರಡು," ಎಂದ.