ಮುಂದಿನ ವಾರದ ಪಾಠ

ಅಂಗಿಯ ತೋಳನ್ನು ಎಷ್ಟು ಎಳೆದರೂ ಮಣಿಕಟ್ಟಿನವರೆಗೆ ಬರಲೊಲ್ಲದು. ತಂಗಿ ಇನ್ನೊಮ್ಮೆ ಜಗ್ಗಿದಳು. ಅಕ್ಕನ ಬಿಳಿ ಅಂಗಿ ಹೆಗಲ ಹತ್ತಿರ ಬಿಗಿಯಿತೇ ಹೊರತು ಕೈಮೇಲಿನ ಆ ಕಪ್ಪು ಬರೆಗಳನ್ನು ಮುಚ್ಚಲಿಲ್ಲ. ಆಸ್ಪತ್ರೆಯ ಮಂಚದ ಸರಳಿಗೆ ಬಟ್ಟೆಯ ಪಟ್ಟಿಯಿಂದ ಕೈ ಕಟ್ಟಿದ್ದ ಗುರುತು ಅವು. ಜೀವ ಹೋದ ಮೇಲಾದರೂ ಮಾಸಿಯಾವು ಅಂದುಕೊಂಡಿದ್ದಳು. ಮೈ ಬೆಳ್ಳಗಾದ ಹಾಗೆಲ್ಲ ಅವು ಇನ್ನಷ್ಟು ಎದ್ದು ಕಾಣುತ್ತಿದ್ದವು.

"ಬಿಡು ಚಿಕ್ಕಮ್ಮ, ನೋಡೋರು ನೋಡ್ಲಿ," ಅಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕನ ಮಗಳು.

ಅಮ್ಮನ ಉಸಿರು ನಿಂತ ಮೇಲೆ ಅವಳು ಚಿಕ್ಕಮ್ಮನೊಂದಿಗೆ ಆಡಿದ ಮೊದಲ ಮಾತು ಅದು. ತಂಗಿ ತೋಳು ಬಿಟ್ಟಳು. ಆ ಮನೆಯಲ್ಲಿ ಇದ್ದವರೇ ಮೂವರು: ಹಾಸಿಗೆ ಹೊಲಿಯುವ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬಂದು ಸೇರಿದ ತಂಗಿ, ಇಬ್ಬರ ಮಡಿಲಲ್ಲೂ ಬೆಳೆದ ಈ ಹುಡುಗಿ. ಒಬ್ಬಳು ಹೋಗಿಬಿಟ್ಟಳು. ಇನ್ನೊಬ್ಬಳೂ ಮುಖ ತಿರುಗಿಸಿದರೆ ತನಗೆ ಈ ಭೂಮಿಯ ಮೇಲೆ ಯಾರಿದ್ದಾರೆ ಅಂದುಕೊಂಡಳು ತಂಗಿ. ತನಗೆ ನೀತಿಪಾಠ ಹೇಳುವ ಪಾದ್ರಿ ಮೇಷ್ಟ್ರು ಮಧ್ಯಾಹ್ನ ಮಣ್ಣಿಗೆ ಬರುತ್ತಾರೆ. ನೀನು ಮಾಡಿದ್ದು ಸರಿ ಎಂದು ಈ ಹುಡುಗಿಯ ಎದುರಿಗೆ ಅವರು ಒಂದು ಮಾತು ಹೇಳಿದರೆ ಸಾಕು. ತಂಗಿ ಹಿಡಿದುಕೊಂಡಿದ್ದು ಅದೊಂದು ಎಳೆಯನ್ನು.

ಮುಂದಿನ ಕೋಣೆಯೇ ಅಕ್ಕನ ಅಂಗಡಿ. ಅರ್ಧ ತುಂಬಿದ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಶವಪೆಟ್ಟಿಗೆಗೆ ಜಾಗ ಮಾಡಿದ್ದರು. ಜನ್ಮವಿಡೀ ಅಕ್ಕನ ಜೊತೆ ಹತ್ತಿ ಹಿಂಜಿದ ಮುದುಕ ಪೆಟ್ಟಿಗೆಯ ತಳವನ್ನು ಮುಷ್ಟಿಯಿಂದ ಒತ್ತಿ ನೋಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಬರೀ ಹಲಗೆ ಇದು. ಇದರ ಮೇಲೆ ಅವಳನ್ನ ಮಲಗಿಸ್ತೀರಾ? ನಾಳೆ ನನ್ನ ಕನಸಲ್ಲಿ ಬಂದು ಬೈತಾಳೆ."

ಯಾರೂ ತಡೆಯಲಿಲ್ಲ. ಮುದುಕ ಮೂಲೆಯ ಚೀಲದಿಂದ ಹತ್ತಿ ತಂದು, ತಲೆಯ ಕಡೆಗೆ ತುಸು ತೆಳ್ಳಗೆ, ಸೊಂಟದ ಕಡೆಗೆ ಒಂದು ಹಿಡಿ ಹೆಚ್ಚಿಗೆ ಹರವಿದ. ಹರವುತ್ತಲೇ ಹೇಳತೊಡಗಿದ. ಹೊಲಿದು ಮುಗಿಸಿದ ಪ್ರತಿ ಹಾಸಿಗೆಯ ಮೇಲೂ ಅವಳು ಕಣ್ಣು ಮುಚ್ಚಿ ಮಲಗಿ ನೋಡುತ್ತಿದ್ದಳಂತೆ. ಗಿರಾಕಿಗಳು ಬಂದು, ಏನಮ್ಮ, ಕೆಲಸದ ಹೊತ್ತಲ್ಲಿ ನಿದ್ದೆಯಾ ಅನ್ನುತ್ತಿದ್ದರಂತೆ. ಒಂದು ಸಲ ಮದುವೆಯ ಗಂಡು ತಾನೇ ಬಂದು ಹಾಸಿಗೆ ಹೊತ್ತುಕೊಂಡಾಗ, "ನಾನಂತೂ ಗಟ್ಟಿಯಾಗಿ ಹೊಲಿದಿದ್ದೀನಪ್ಪ, ಮಿಕ್ಕಿದ್ದು ನಿನ್ನ ಕೈಲಿದೆ" ಅಂದಳಂತೆ. ಹಾಸಿಗೆ ಹೊತ್ತ ಹುಡುಗ ಎದುರಿನ ಚರಂಡಿಗೆ ಕಾಲಿಟ್ಟನಂತೆ. ಸೇರಿದ್ದವರು ನಕ್ಕರು. ಮಗಳ ಮುಖ ಕಂಡು ನಗೆಯನ್ನು ಅಲ್ಲಲ್ಲೇ ನುಂಗಿಕೊಂಡರು.

*

ತಂಗಿ ಶಾಲೆಯೊಂದರಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕುವವಳು. ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ವಾರಕ್ಕೊಂದು ಸಂಜೆ ಕ್ರೈಸ್ತ ನೀತಿಶಾಸ್ತ್ರದ ಪಾಠ ಶುರುವಾದಾಗ ಸೇರಲೋ ಬೇಡವೋ ಎಂದು ಅನುಮಾನಿಸಿದ್ದಳು. ತಳ್ಳಿದವಳು ಅಕ್ಕನೇ.

"ಹೋಗು. ಇಲ್ಲಿ ಕೂತು ನನ್ನ ತಲೆ ತಿನ್ನೋದಕ್ಕಿಂತ ದೇವರ ತಲೆ ತಿನ್ನು."

ಅಕ್ಕ ಅದಕ್ಕೆ ಪಾಪದ ಕ್ಲಾಸು ಎಂದು ಹೆಸರಿಟ್ಟಳು. ಇವತ್ತು ಯಾವ ಪಾಪ ಮಾಡಿಸಿದರು ಎಂದು ಉದ್ದ ಸೂಜಿಯಿಂದ ಕಣ್ಣು ತೆಗೆಯದೆ ಕೇಳುವಳು. ಹಳೆ ಹತ್ತಿ ಬೆರೆಸಿ ಹೊಸದೆಂದು ಮಾರಿದರೆ ಪಾಪ ಎಷ್ಟು ದಪ್ಪ ಎಂದು ಕೆಣಕುವಳು. ತಂಗಿ ಕೆಣಕಿದ್ದೆಂದು ತಿಳಿಯದೆ ಗಂಭೀರವಾಗಿ ಉತ್ತರ ಕೊಡುವಳು. ಮನಸ್ಸಾಕ್ಷಿ ಅಂದರೇನು, ಉದ್ದೇಶ ಒಳ್ಳೆಯದಿದ್ದರೆ ಮಾಡಿದ್ದೆಲ್ಲ ಒಳ್ಳೆಯದಾಗುತ್ತದೆಯೇ, ಇಂಥವನ್ನು ಕಲಿತ ಸಂಜೆಗಳಲ್ಲಿ ಅವಳಿಗೆ ನಡೆಯುವ ರಸ್ತೆಯೂ ಬೇರೆಯಾಗಿ ಕಾಣುತ್ತಿತ್ತು. ಬದುಕಿನಲ್ಲಿ ಮೊದಲ ಸಲ ತನಗೂ ಏನೋ ಗೊತ್ತು ಅನ್ನಿಸಿತ್ತು.

ಅಕ್ಕನ ಗಂಟಲಿಗೆ ಕ್ಯಾನ್ಸರ್ ಬಂದು ಮಾತು ನಿಂತ ವಾರ ಪಾದ್ರಿ ಮೇಷ್ಟ್ರು ರೋಗಿಗಳ ಆರೈಕೆಯ ಪಾಠ ಶುರುಮಾಡಿದ್ದರು. ಔಷಧಿ ಬೇರೆ, ಊಟ ನೀರು ಬೇರೆ. ಊಟ ನೀರನ್ನು ನಳಿಗೆಯಿಂದ ಕೊಡಬೇಕಾಗಿ ಬಂದರೂ ಕೊಡುವುದೇ ಧರ್ಮ. ಅದನ್ನು ತಡೆದು ಸಾಯಲು ಬಿಡುವುದು ಕೊಂದ ಹಾಗೆ ಅಂದಿದ್ದರು. ಗಂಟೆ ಹೊಡೆಯಿತು. ಉಳಿದದ್ದು ಮುಂದಿನ ವಾರ ಅಂದರು.

ಮುಂದಿನ ವಾರ ಅವಳು ಆಸ್ಪತ್ರೆಯಲ್ಲಿದ್ದಳು. ಮೂಗಿನಿಂದ ನಳಿಗೆ ಇಳಿಸಲೇ ಎಂದು ಡಾಕ್ಟರು ಕೇಳಿದಾಗ ಅಕ್ಕ ಹಲ್ಲು ಕಚ್ಚಿ, ದಿಂಬಿನ ಮೇಲೆ ತಲೆಯನ್ನು ಆಚೀಚೆ ಹೊರಳಿಸಿದಳು.

"ಬೇಡ ಅಂತಿದ್ದಾಳೆ ಅಮ್ಮ," ಅಂದಳು ಮಗಳು.

"ಅವಳಿಗೇನು ಗೊತ್ತಾಗುತ್ತೆ? ಊಟ ನಿಲ್ಲಿಸಿದ್ರೆ ಕೊಲೆ ಕಣೇ ಅದು. ನಾನು ಓದಿದ್ದೀನಿ."

ಕೊಲೆ ಅನ್ನುವ ಮಾತಿಗೆ ಹುಡುಗಿ ಬೆಚ್ಚಿ ಹಿಂದೆ ಸರಿದಳು. ಆಮೇಲೆ ಬಾಯಿ ತೆರೆಯಲಿಲ್ಲ. ನಳಿಗೆ ಇಳಿಯಿತು. ಅಕ್ಕ ಅದನ್ನು ಕಿತ್ತಳು, ಮತ್ತೆ ಇಳಿಸಿದರು, ಮತ್ತೆ ಕಿತ್ತಳು, ಕೈ ಕಟ್ಟಿದರು. ಒಳಗೆ ಹೋದದ್ದೆಲ್ಲ ಬಾಯಿಗೆ ವಾಪಸು ಬರುತ್ತಿತ್ತು, ಎದೆ ಗೊರಗುಟ್ಟುತ್ತಿತ್ತು. ತೆಗೆಯೋಣವೇ ಎಂದು ಡಾಕ್ಟರು ಮತ್ತೆ ಕೇಳಿದಾಗಲೂ ತಂಗಿ ಒಪ್ಪಲಿಲ್ಲ. ಪಟ್ಟಿ ಬಿಚ್ಚಿ ಮೈ ಒರೆಸುವಾಗ ಆ ಕೈಗಳನ್ನು ತಾನೇ ಅದುಮಿ ಹಿಡಿದಳು. ದಬ್ಬಳದಂಥ ಸೂಜಿಯನ್ನು ದಪ್ಪ ಬಟ್ಟೆಯಲ್ಲಿ ದೂಡಿ ದೂಡಿ ಗಟ್ಟಿಯಾದ ಕೈಗಳು, ಹಿಡಿಯಲು ಮೈಯ ಬಲವೆಲ್ಲ ಬೇಕಾಗುತ್ತಿತ್ತು. ಅಕ್ಕ ಅವಳನ್ನೇ ನೋಡುತ್ತಿದ್ದಳು. ದೇವರ ಹೆಸರು ಹೇಳಿಕೊಂಡು ತಂಗಿ ಕಣ್ಣು ತಪ್ಪಿಸುತ್ತಿದ್ದಳು.

ಪಾಠದ ಸಂಜೆಗಳೆಲ್ಲ ಹಾಗೇ ಕಳೆದವು. ಪಾದ್ರಿ ಮೇಷ್ಟ್ರನ್ನು ಒಂದು ಮಾತು ಕೇಳಿ ಬರೋಣವೆಂದು ಅವಳಿಗೆ ಹೊಳೆಯಲಿಲ್ಲ. ಉತ್ತರ ಗೊತ್ತಿದೆ ಅಂದುಕೊಂಡವಳು ಯಾಕೆ ಕೇಳುತ್ತಾಳೆ?

*

ಮಣ್ಣು ಹಾಕಿ ಜನ ಚದುರುತ್ತಿದ್ದರು. ಪಾದ್ರಿ ಮೇಷ್ಟ್ರು ಇಬ್ಬರ ಹತ್ತಿರಕ್ಕೂ ಬಂದು ಸಮಾಧಾನ ಹೇಳಿದರು. ತಂಗಿ ಬಾಯಿ ತೆರೆಯುವ ಮೊದಲೇ ಹುಡುಗಿ ಕೇಳಿದಳು.

"ಫಾದರ್, ಆ ನಳಿಗೆ ಬೇಡ ಅಂದಿದ್ರೆ ನಾವು ಅಮ್ಮನ್ನ ಕೊಂದ ಹಾಗೆ ಆಗ್ತಿತ್ತಾ?"

ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲುತ್ತಿತ್ತೇ ಎಂದು ಕೇಳಿದರು ಅವರು. ಇಲ್ಲ ಅಂದಳು. ಅಮ್ಮನಿಗೆ ತಿಳಿವಳಿಕೆ ಇತ್ತೇ ಎಂದು ಕೇಳಿದರು. ಕೊನೆಯ ದಿನದವರೆಗೂ ಇತ್ತು ಅಂದಳು.

"ಹಾಗಾದ್ರೆ ಇಲ್ಲಮ್ಮ. ದೇಹ ತಗೊಳ್ಳದೇ ಇದ್ದಾಗ, ಕೊಡೋದೇ ಹಿಂಸೆ ಆದಾಗ, ಬೇಡ ಅನ್ನಬಹುದು. ಅದು ಕೊಲೆ ಅಲ್ಲ. ಸಾವನ್ನ ಒಪ್ಪಿಕೊಳ್ಳೋದು, ಅಷ್ಟೆ." ಅವರು ತಂಗಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಏನೋ ಹೊಳೆದು, ಬಣ್ಣ ಇಳಿಯಿತು. "ಆ ಪಾಠ ಅದರ ಮುಂದಿನ ವಾರ ಮಾಡಿದೆ. ನೀವು ಬಂದಿರಲಿಲ್ಲ."

"ಬರೋಕಾಗ್ಲಿಲ್ಲ," ಅಂದಳು ತಂಗಿ. "ಅವಳ ಕೈ ಹಿಡ್ಕೊಂಡಿದ್ದೆ."

ಗೋರಿ ಅಗೆದವನು ಗುದ್ದಲಿಯ ಮಣ್ಣನ್ನು ಕಲ್ಲಿಗೆ ಬಡಿದು ಉದುರಿಸುತ್ತಿದ್ದ. ಅರ್ಧ ಹೇಳಿ ಬಿಟ್ಟದ್ದು ನನ್ನ ತಪ್ಪೂ ಹೌದು ಅಂದರು ಪಾದ್ರಿ ಮೇಷ್ಟ್ರು. ನೀವು ನಂಬಿದ್ದನ್ನು ಪ್ರಾಮಾಣಿಕವಾಗಿ ಮಾಡಿದಿರಿ, ತಿಳಿಯದೆ ಮಾಡಿದ್ದಕ್ಕೆ ದೇವರು ಪಾಪವೆಂದು ಎಣಿಸುವುದಿಲ್ಲ ಅಂದರು. ಅವರ ದನಿ ಪಾಠ ಹೇಳುವಾಗಿನಷ್ಟು ಗಟ್ಟಿಯಾಗಿರಲಿಲ್ಲ.

"ನನ್ನ ಪಾಪದ ಮಾತು ಬಿಡಿ ಫಾದರ್," ಅಂದಳು ತಂಗಿ. "ಅವಳು ಪಟ್ಟ ನೋವು ಎಲ್ಲಿಗೆ ಹೋಗುತ್ತೆ? ಅದನ್ನ ಯಾರ ಲೆಕ್ಕಕ್ಕೆ ಹಾಕ್ತೀರಿ?"

ಹುಡುಗಿ ಚಿಕ್ಕಮ್ಮನಿಗಾಗಿ ಕಾಯದೆ ಗೇಟಿನ ಕಡೆ ನಡೆದಳು.

*

ಸಂಜೆಯ ಹೊತ್ತಿಗೆ ಮನೆ ಬರಿದಾಯಿತು. ಬಾಡಿಗೆಯ ಕುರ್ಚಿಗಳನ್ನು ಮಡಚಿ ಒಯ್ದರು. ತಂಗಿ ಮುಂದಿನ ಕೋಣೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತವಳು ಏಳಲಿಲ್ಲ. ನಿನ್ನೆಯಿಂದ ಅವಳ ಬಾಯಿಗೆ ಹನಿ ನೀರೂ ಬಿದ್ದಿರಲಿಲ್ಲ. ಒಳಗೆ ಹುಡುಗಿ ಓಡಾಡುವ ಸದ್ದು ಕೇಳುತ್ತಿತ್ತು. ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ, ಹೊರಟುಬಿಡುತ್ತಾಳೆ ಎಂದುಕೊಂಡಳು ತಂಗಿ. ತಡೆಯಲು ತನಗೆ ಯಾವ ಬಾಯಿದೆ?

ಹುಡುಗಿ ಬಂದಳು. ಕೈಯಲ್ಲಿ ಬಿಸಿ ಹಾಲಿನ ಲೋಟವಿತ್ತು. ಎದುರು ಮೊಣಕಾಲೂರಿ, ಲೋಟವನ್ನು ಚಿಕ್ಕಮ್ಮನ ತುಟಿಗೆ ಹಿಡಿದಳು. ತಂಗಿಯ ತುಟಿ ಬಿಗಿಯಿತು. ತಲೆ ತಾನಾಗಿ ಗೋಡೆಯ ಮೇಲೆ ಆಚೀಚೆ ಹೊರಳಿತು.

"ಬಲವಂತವಾಗಿ ಕುಡಿಸೇ," ಅಂದಳು ಬಾಗಿಲಿಗೆ ಬಂದ ಪಕ್ಕದ ಮನೆಯಾಕೆ. "ಇಲ್ಲಾಂದ್ರೆ ಇವಳೂ ಬಿದ್ದುಹೋಗ್ತಾಳೆ."

ಹುಡುಗಿಯ ಇನ್ನೊಂದು ಕೈ ಅಷ್ಟರಲ್ಲೇ ಚಿಕ್ಕಮ್ಮನ ಗಲ್ಲ ಹಿಡಿದಾಗಿತ್ತು. ಹೆಬ್ಬೆರಳು ದವಡೆಯನ್ನು ಒತ್ತಿತ್ತು. ತಂಗಿ ಕಣ್ಣೆತ್ತಿ ಅವಳನ್ನು ನೋಡಿದಳು. ಹುಡುಗಿಯ ಕೈ ಹಾಗೇ ನಿಂತಿತು. ಆಮೇಲೆ ಬೆರಳುಗಳು ಒಂದೊಂದಾಗಿ ಗಲ್ಲ ಬಿಟ್ಟವು.

ಅವಳು ಲೋಟವನ್ನು ಚಿಕ್ಕಮ್ಮನ ಕೈಗೆಟುಕುವ ಹಾಗೆ ನೆಲದ ಮೇಲಿಟ್ಟಳು. ಎದುರಿನ ಗೋಡೆಗೆ ಒರಗಿ ಕೂತಳು. ತನ್ನೆರಡು ಕೈಗಳನ್ನೂ ತೊಡೆಯ ಅಡಿಗೆ ಸೇರಿಸಿ, ಮೈಭಾರವೆಲ್ಲ ಅವುಗಳ ಮೇಲೆ ಹಾಕಿ, ಅಲುಗದೆ ಚಿಕ್ಕಮ್ಮನನ್ನೇ ನೋಡತೊಡಗಿದಳು.