ಕಿತ್ತಳೆ ದಾರ

ಟೈಲರನ ಅಂಗಡಿಯಲ್ಲಿ ಗುಂಡಿಗಳನ್ನಿಡುವ ಡ್ರಾಯರಿನ ತಳದಲ್ಲಿ ಗೇಣುದ್ದದ ಒಂದು ಕಿತ್ತಳೆ ಪಟ್ಟಿಯಿತ್ತು. ಅದರ ನಡುವಿನ ಕರಿ ಬಕಲ್ ಹಾಕಿದಂತೆಯೇ ಇತ್ತು. ಒಂದು ವರ್ಷದಿಂದ ಅದನ್ನು ಬಿಚ್ಚುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಆ ಸೋಮವಾರ ಮೆಟ್ಟಿಲೇರಿ ಬಂದವಳನ್ನು ಕಂಡು ಅವನ ಕಾಲು ಮಷಿನ್ನಿನ ಪೆಡಲಿನ ಮೇಲೆಯೇ ನಿಂತುಹೋಯಿತು.

"ಟೈಲರಣ್ಣ, ಈ ಸಲ ನದಿಗೆ ನಾನೂ ಬರ್ತೀನಿ. ಅವರು ಕೂರ್ತಿದ್ದ ಜಾಗದಲ್ಲೇ ಕೂರ್ತೀನಿ."

ಅವಳ ಗಂಡ ಗಡಿಯಾರ ರಿಪೇರಿಯವನು. ಐದು ಗಂಟೆಗೆ ಬಾ ಎಂದರೆ ಐದಕ್ಕೆ ಒಂದು ನಿಮಿಷ ಮೊದಲೇ ನಿಂತಿರುತ್ತಿದ್ದುದರಿಂದ ಗೆಳೆಯರು ಅವನಿಗಿಟ್ಟ ಹೆಸರು 'ಸೆಕೆಂಡು'. ಸೆಕೆಂಡು, ಟೈಲರ್, ಡ್ರಾಯಿಂಗ್ ಮೇಷ್ಟ್ರು ಮೂವರೂ ವರ್ಷಕ್ಕೊಮ್ಮೆ ಮೂರು ದಿನ ನದಿಯಲ್ಲಿ ದೋಣಿ ಬಿಡುತ್ತಿದ್ದರು. ಸಣ್ಣ ದೋಣಿಯಲ್ಲಿ ಗಂಟುಮೂಟೆಯ ಜೊತೆ ಮೇಷ್ಟ್ರು. ದೊಡ್ಡದರಲ್ಲಿ ಮುಂದೆ ಸೆಕೆಂಡು, ಹಿಂದೆ ಟೈಲರ್. ಹಿಂದಿನವನು 'ಎಡ', 'ಬಲ' ಎಂದು ಕೂಗಬೇಕು. ಮುಂದಿನವನು ಹಿಂತಿರುಗಿ ನೋಡದೆ ಹುಟ್ಟು ಹಾಕಬೇಕು. ಇದು ಅವರ ಕರಾರು.

ಕಳೆದ ವರ್ಷ ಮೂರನೆಯ ದಿನ ಜೋಡಿಬಂಡೆಯ ಸೆಳವಿನಲ್ಲಿ ದೊಡ್ಡ ದೋಣಿ ಮಗುಚಿತು. ಟೈಲರ್ ಒಂದು ಕೈಯಲ್ಲಿ ಬಂಡೆಯನ್ನೂ ಇನ್ನೊಂದು ಕೈಯಲ್ಲಿ ಸೆಕೆಂಡುವಿನ ಲೈಫ್ ಜಾಕೆಟ್ಟಿನ ಎದೆಪಟ್ಟಿಯನ್ನೂ ಹಿಡಿದ. ಪಟ್ಟಿ ಕಿತ್ತು ಅವನ ಕೈಯಲ್ಲುಳಿಯಿತು. ಗೆಳೆಯ ಉಳಿಯಲಿಲ್ಲ. ದಡದಲ್ಲಿ ಮೇಷ್ಟ್ರು ಓಡಿಬಂದು ಏನಾಯಿತೆಂದು ಕೇಳಿದಾಗ, ಜೇಬಿನಲ್ಲಿ ಪಟ್ಟಿಯನ್ನು ಹಿಸುಕುತ್ತ ಟೈಲರ್ ಹೇಳಿದ: "ಬಕಲ್ ಹಾಕ್ಕೊಂಡಿರ್ಲಿಲ್ಲ ಕಣೋ."

ಜಾಕೆಟ್ಟು ಸಿಗಲೇ ಇಲ್ಲ. ಆ ಮಾತನ್ನು ಎಲ್ಲರೂ ನಂಬಿದರು.

ಮೊದಲ ದಿನ ದೋಣಿಯೇರುವ ಮುನ್ನ ಅವಳು ತನ್ನ ಜಾಕೆಟ್ಟಿನ ಬಕಲನ್ನು ಮೂರು ಸಲ ಎಳೆದು ನೋಡಿಕೊಂಡಳು. ಟೈಲರ್ ಮುಖ ತಿರುಗಿಸಿದ.

"ಅತ್ತಿಗೆ, ಟೈಲರ್ ಬಲ ಅಂದ್ರೆ ಎಡಕ್ಕೆ ಹಾಕಿ," ಎಂದು ಮೇಷ್ಟ್ರು ಕೂಗಿದರು. "ಅವನು ನನ್ನ ಪ್ಯಾಂಟಿಗೆ ಒಂದೇ ಕಡೆ ಎರಡು ಜೇಬಿಟ್ಟ ಮಹಾಶಯ!"

"ಆ ಪ್ಯಾಂಟಿನ ಹೊಲಿಗೆ ಕೂಲಿ ಇನ್ನೂ ಬಂದಿಲ್ಲ," ಎಂದ ಟೈಲರ್. ಅವಳು ನಕ್ಕಳು. ಆ ನಗು ಅವನನ್ನು ಚುಚ್ಚಿತು.

ಎರಡನೆಯ ದಿನ ಮಧ್ಯಾಹ್ನ ನೀರು ನಿಧಾನವಾಯಿತು. ಅವಳು ಹಿಂತಿರುಗದೆಯೇ ಮಾತಾಡಿದಳು.

"ಮಗಳು ಅಪ್ಪನ ಫೋಟೋನ ಗೋಡೆ ಕಡೆ ತಿರುಗಿಸಿ ಇಟ್ಟಿದ್ದಾಳೆ. 'ಒಂದು ಬಕಲ್ ಹಾಕ್ಕೊಳ್ಳೋಕೆ ಆಗ್ಲಿಲ್ವಾ? ನಾನು ನೆನಪಾಗ್ಲಿಲ್ವಾ?' ಅಂತಾಳೆ. ಹನ್ನೊಂದು ವರ್ಷದ ಮಗು, ಏನು ಹೇಳ್ಲಿ? ನನಗೂ ಅವರ ಮೇಲೆ ಕೋಪಾನೇ. ಅದನ್ನ ಇಲ್ಲೇ ಬಿಟ್ಟು ಹೋಗೋಣ ಅಂತ ಬಂದೆ. ನಾಳೆ ನಾವು ದಡ ಸೇರೋ ಸೇತುವೆ ಹತ್ರ ಅವಳೂ ಬಂದು ಕಾಯ್ತಿರ್ತಾಳೆ."

ಟೈಲರ್ 'ಅತ್ತಿಗೆ' ಎಂದು ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರ ದೋಣಿ ಪಕ್ಕಕ್ಕೆ ಬಂತು. ಅವನು "ಬಲ" ಎಂದಷ್ಟೇ ಹೇಳಿದ.

ಮೂರನೆಯ ದಿನ ಬೆಳಿಗ್ಗೆ ಜೋಡಿಬಂಡೆಗೆ ಮೊದಲೇ ದೋಣಿಗಳನ್ನು ದಡಕ್ಕೆಳೆದು, ಸೆಳವು ದಾಟುವವರೆಗೆ ಹೊತ್ತು ನಡೆದರು. ಸೇತುವೆ ಇನ್ನು ಒಂದು ಗಂಟೆಯ ದಾರಿ. ಅವಳು ನೀರಿನಂಚಿನಲ್ಲಿ ಕೂತು ಬಂಡೆಗಳನ್ನೇ ನೋಡುತ್ತಿದ್ದಳು. ಟೈಲರ್ ಪಕ್ಕದಲ್ಲಿ ಕುಕ್ಕರಿಸಿ, ಹೊರಡುವಾಗ ಡ್ರಾಯರಿನಿಂದ ಎತ್ತಿಟ್ಟುಕೊಂಡಿದ್ದ ಪಟ್ಟಿಯನ್ನು ಜೇಬಿನಿಂದ ತೆಗೆದು ಅವಳ ಮಡಿಲಲ್ಲಿಟ್ಟ.

"ಏನಿದು?"

"ಅವನ ಜಾಕೆಟ್ಟಿಂದು. ಬಕಲ್ ಹಾಕೇ ಇತ್ತು ಅತ್ತಿಗೆ. ಕಿತ್ತಿದ್ದು ನನ್ನ ಹೊಲಿಗೆ." ಅವನು ಪಟ್ಟಿಯ ಹರಿದ ತುದಿಯನ್ನು ತೋರಿಸಿದ. "ಹೋದ ವರ್ಷ ಹೊರಡೋ ಹಿಂದಿನ ವಾರ ಪಟ್ಟಿ ಬಿಚ್ಚಿಕೊಂಡಿದೆ ಅಂತ ತಂದಿದ್ದ. ನೈಲಾನ್ ದಾರ ಕರಿ ಬಣ್ಣದ್ದೊಂದೇ ಇತ್ತು. ಕಿತ್ತಳೆ ಮೇಲೆ ಕರಿ ಹೊಲಿಗೆ ಕಣ್ಣಿಗೆ ಹೊಡೆಯುತ್ತೆ ಅಂತ, ಬಣ್ಣ ಹೊಂದೋ ಹತ್ತಿ ದಾರ ಹಾಕಿದೆ. ನೈಲಾನಿನಷ್ಟು ಗಟ್ಟಿ ಅಲ್ಲ ಅದು. ಹೊಲಿಗೆ ಕಾಣೋದೇ ಇಲ್ಲ ಅಂತ ಅವನು ಹೊಗಳಿದ್ದ."

ಅವಳು ಬಕಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಪಟ್ಟಿಯ ತುದಿಯಲ್ಲಿ ಹರಿದುಳಿದ ಎಳೆಗಳನ್ನು ಒಂದೊಂದಾಗಿ ಮುಟ್ಟಿದಳು.

"ಹೊಲಿಗೆ ತಪ್ಪೋದು ಯಾರಿಗಾದ್ರೂ ಆಗತ್ತೆ," ಎಂದಳು. "ಆದ್ರೆ ಒಂದು ವರ್ಷ, ಟೈಲರಣ್ಣ. ನಮ್ಮನೇಲಿ ಕೂತು ಟೀ ಕುಡಿದ್ರಿ. ನಾನು ಸತ್ತವರನ್ನ ಬೈಯೋದನ್ನ ಕೇಳಿಸ್ಕೊಂಡು ಕೂತಿದ್ರಿ."

ಅವಳು ಪಟ್ಟಿಯನ್ನು ಬಕಲಿನ ಸುತ್ತ ಸುತ್ತಿದಳು.

"ಇದನ್ನ ಮಗಳಿಗೆ ನೀವೇ ಕೊಡ್ಬೇಕು. ನೀವೇ ಹೇಳ್ಬೇಕು. ಇವತ್ತೇ." ಪಟ್ಟಿಯನ್ನು ಅವನ ಕೈಗೆ ಹಿಂತಿರುಗಿಸಿ ಎದ್ದಳು. "ಮೇಷ್ಟ್ರೇ, ಗಂಟುಗಳನ್ನ ಆ ದೋಣಿಗೆ ಹಾಕಿ. ನಾನು ನಿಮ್ಮ ಜೊತೆ ಬರ್ತೀನಿ."

ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೇಷ್ಟ್ರು ಟೈಲರನ ಮುಖ ನೋಡದೆ ಗಂಟುಗಳನ್ನು ದೊಡ್ಡ ದೋಣಿಯ ನಡುವಿಗೆ ಹಾಕಿದರು. ಮೂರು ದಿನಗಳಲ್ಲಿ ಮೊದಲ ಬಾರಿಗೆ ಅವರ ಬಾಯಲ್ಲಿ ತಮಾಷೆಯಿರಲಿಲ್ಲ.

ದೊಡ್ಡ ದೋಣಿಯ ಮುಂದಿನ ಜಾಗ ಖಾಲಿಯಾಯಿತು. ಭಾರವಿಲ್ಲದ ಮೂತಿ ಮೇಲೆದ್ದು, ಗಾಳಿ ಬೀಸಿದತ್ತ ಹೊರಳುತ್ತಿತ್ತು. ಟೈಲರ್ ಇಡೀ ಮೈಬಲ ಹಾಕಿ ಅದನ್ನು ನೇರಕ್ಕೆ ತರುತ್ತಿದ್ದ. ತಿರುವಿನಲ್ಲಿ ಅಭ್ಯಾಸಬಲದಿಂದ "ಎಡ!" ಎಂದು ಕೂಗಿಬಿಟ್ಟ. ಮುಂದಿನ ದೋಣಿಯಲ್ಲಿ ಅವಳ ಬೆನ್ನು ಅಲುಗಲಿಲ್ಲ.

ತಿರುವಿನಾಚೆ ಸೇತುವೆ ಕಂಡಿತು. ಕಟಕಟೆಗೆ ಒರಗಿ ನಿಂತಿದ್ದ ಹುಡುಗಿ ಅಮ್ಮನನ್ನು ಗುರುತಿಸಿ ಕೈಬೀಸಿದಳು. ಆಮೇಲೆ, ಹಿಂದೆ ಬರುತ್ತಿದ್ದ ಟೈಲರ್ ಮಾಮನಿಗೂ ಬೀಸಿದಳು.

ಅವನು ಎರಡೂ ಕೈಯಲ್ಲಿ ಹುಟ್ಟು ಹಿಡಿದಿದ್ದ. ಕೈಬೀಸಲಿಲ್ಲ.