ಮೂರ್ಸಲ ಮಾಸ್ಟ್ರ ಒಂದೇ ಸಲ

ಅಂಗಡೀಲಿ ಅಪ್ಪಂಗೆ ಎಲ್ರೂ ಸೇರಿ ಇಟ್ಟ ಹೆಸರು ಮೂರ್ಸಲ ಮಾಸ್ಟ್ರು. ಕಟಿಂಗ್ ಮಾಸ್ಟರ್ ಅಂದ್ಮೇಲೆ ಒಂದ್ಸಲ ಅಳೀಬೇಕು, ಗೀಟು ಹಾಕ್ಬೇಕು, ಕತ್ತರಿ ಬಿಡ್ಬೇಕು, ಮುಗೀತು. ಅಪ್ಪಂದು ಹಾಗಲ್ಲ. ಅಳೆದು ಸುರಿದು, ಟೇಪ್ ಸುತ್ತಿ, ಮತ್ತೆ ಬಿಚ್ಚಿ, ಮೂರನೇ ಸಲ ಅಳೆದ ಮೇಲೂ ಕತ್ತರಿ ಬಟ್ಟೆ ತನಕ ಒಯ್ದು "ತಡಿ, ಇನ್ನೊಂದ್ಸಲ" ಅಂತ ಕೆಳಗಿಡ್ತಿದ್ದ. ಅಷ್ಟು ಹೊತ್ತೂ ಆರು ಹೊಲಿಗೆ ಮಷೀನು ಬಾಯಿ ಬಿಟ್ಕೊಂಡು ಕೂತಿರೋವು.

ಪಕ್ಕದ ಸ್ಟೂಲ್ ಮೇಲೆ ಕಾಜಾ ಹೊಲೀತಾ, ಗುಂಡಿ ಹಾಕ್ತಾ ಕೂತಿರ್ತಿದ್ದೋಳು ಮಗಳು. ಅವಳನ್ನ ಎಲ್ರೂ ಗುಂಡಿ ಅಂತಾನೇ ಕರೆಯೋರು. ಅವಳಿಗೆ ಒಂದೇ ಹಟ: ಅಪ್ಪನ ತಲೆಯಿಂದ ಈ ಹುಳ ತೆಗೀಬೇಕು.

ಇಪ್ಪತ್ತೆಂಟು ವರ್ಷದಲ್ಲಿ ಅಪ್ಪ ಒಂದೇ ಒಂದು ಬಟ್ಟೆ ಹಾಳು ಮಾಡಿರ್ಲಿಲ್ಲ. ಆದ್ರೂ ದಿನಾ ಬೆಳಗ್ಗೆ, ಇವತ್ತೇ ಆ ದಿನ ಅನ್ನೋ ಮುಖ ಹೊತ್ಕೊಂಡೇ ಅಂಗಡಿ ಮೆಟ್ಲು ಹತ್ತೋನು. ಮನೇಲೂ ಅಷ್ಟೇ. ಗ್ಯಾಸ್ ಆಫ್ ಆಗಿದ್ಯಾ? ಬೀಗ ಬಿದ್ದಿದ್ಯಾ? ಅಮ್ಮ ಸೀನಿದ್ರೆ ಡಾಕ್ಟ್ರು, ಗುಂಡಿ ಬಸ್ಸು ತಪ್ಪಿಸ್ಕೊಂಡ್ರೆ ಪೊಲೀಸು. ಡಾಕ್ಟ್ರು ಅಪ್ಪನ ಎದೆ, ಬೆನ್ನು ಎಲ್ಲಾ ನೋಡಿ "ಏನೂ ಇಲ್ರೀ, ಚಿಂತೆ ಕಮ್ಮಿ ಮಾಡಿ, ನಡೀರಿ" ಅಂದ್ರು. ಚಿಂತೆ ಕಮ್ಮಿ ಮಾಡೋದು ಹೇಗೆ ಅನ್ನೋದೇ ಅಪ್ಪನ ಹೊಸ ಚಿಂತೆ ಆಯ್ತು.

ಗುಂಡಿ ಫೋನಲ್ಲಿ ಓದಿದ್ದನ್ನೆಲ್ಲಾ ಅಪ್ಪನ ಮೇಲೆ ಪ್ರಯೋಗ ಮಾಡಿದ್ಳು. ಚಿಂತೆ ಬಂದಾಗೆಲ್ಲಾ ಬರೆದಿಡು ಅಂತ ಇನ್ನೂರು ಪುಟದ ನೋಟ್‌ಬುಕ್ ಕೊಟ್ಳು. ಒಂಬತ್ತೇ ದಿನಕ್ಕೆ ಅದು ತುಂಬ್ತು. ಆಮೇಲೆ ಅದು ಯಾರ ಕೈಗಾದ್ರೂ ಸಿಕ್ಕಿಬಿಟ್ರೆ ಅಂತ ಶುರುವಾಯ್ತು. ಸರಿ, ಚಿಂತೆಗೆ ಅಂತ ಅರ್ಧ ಗಂಟೆ ಇಟ್ಕೋ, ಆರರಿಂದ ಆರೂವರೆ, ಉಳಿದ ಹೊತ್ತು ಬೇಡ ಅಂದ್ಳು. ನಾಲ್ಕು ಗಂಟೆಗೇ ಅಪ್ಪ ಮೆಲ್ಲಗೆ ಬಂದು ಕೇಳ್ದ: "ಮಗಾ, ಆರು ಗಂಟೆಗೆ ನಂಗೆ ಮರ್ತೋದ್ರೆ?"

ಅಮ್ಮ ಕಾಫಿ ನಿಲ್ಸಿದ್ಳು. ಅಪ್ಪಂಗೆ ಚಿಂತೆ ಹೋಗ್ಲಿಲ್ಲ, ತಲೆನೋವು ಬಂತು.

ಒಂದೇ ಒಂದು ಚೂರು ಕೆಲಸಕ್ಕೆ ಬಂದಿದ್ದು ಉಸಿರು. ನಾಲ್ಕು ಎಣಿಸ್ತಾ ಒಳಗೆ ಎಳ್ಕೋ, ಏಳು ಎಣಿಸೋ ತನಕ ಹಿಡ್ಕೋ, ಎಂಟು ಎಣಿಸ್ತಾ ಬಿಡು. ಅಪ್ಪ ಬಾಯಲ್ಲಿ ಪಿಟಿಪಿಟಿ ಎಣಿಸ್ತಾ ಉಸಿರು ಬಿಟ್ಟಾಗ ಅವನ ಹೆಗಲು ಒಂಚೂರು ಕೆಳಗಿಳಿಯೋದು. ಅದನ್ನ ನೋಡಿ ಗುಂಡಿಗೆ ಕುಣಿಯೋ ಹಾಗಾಗ್ತಿತ್ತು.

ಆ ಹೊತ್ತಿಗೇ ಗಿರಾಕಿ ವಕೀಲರೊಬ್ರ ಕೋಟಿನ ಬಟ್ಟೆ ಬಂದಿದ್ದು. ಕಪ್ಪು ಉಣ್ಣೆ ಬಟ್ಟೆ, ಹದಿನೈದು ವರ್ಷದ ಹಿಂದೆ ವಕೀಲರ ಹೆಂಡತಿ ತಂದಿಟ್ಟಿದ್ದು. ಆಕೆ ಈಗಿಲ್ಲ. ಅದನ್ನ ನೇಯ್ದ ಮಿಲ್ಲೂ ಈಗಿಲ್ಲ. ಒಂದು ಕೋಟಿಗೆ ಸರೀ ಸಾಕಾಗೋಷ್ಟೇ ಇತ್ತು.

ಓನರ್ರು ಬಟ್ಟೆನ ಟೇಬಲ್ ಮೇಲಿಟ್ಟು, ಅಪ್ಪನ ಮುಖ ನೋಡ್ದೆ ಹೇಳಿದ್ರು. "ಮಾಸ್ಟ್ರೇ, ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಇದು ಕಟ್ ಆಗಿ ಮಷೀನ್ ಮೇಲಿರ್ಬೇಕು. ನಿಮ್ಮ ಮೂರ್ಸಲದಲ್ಲಿ ಗಿರಾಕಿ ಎಲ್ಲಾ ಎದುರಿನ ಅಂಗಡಿಗೆ ಹೋಗ್ತಿದಾರೆ. ಆಗ್ಲಿಲ್ಲಾಂದ್ರೆ ಕತ್ತರಿ ನಮ್ಮ ಭಾಮೈದಂಗೆ. ನೀವು ಇಸ್ತ್ರಿ ಕಡೆ ನೋಡ್ಕೊಳಿ. ಬೇಜಾರ್ ಮಾಡ್ಕೋಬೇಡಿ."

ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಕತ್ತರಿ ಬಿಟ್ರೆ ಅವನ ಕೈಗೆ ಬೇರೆ ಏನೂ ಗೊತ್ತಿರ್ಲಿಲ್ಲ.

ಸೋಮವಾರ ಬಸ್ಸಿಳಿದು ಬರ್ತಾ ಗುಂಡಿ ಅವನ ತೋಳು ಹಿಡ್ಕೊಂಡ್ಳು. "ಅಪ್ಪಾ, ಇವತ್ತು ಒಂದೇ ಸಲ. ಉಸಿರು ಎಣಿಸ್ತಾ ಅಳಿ, ಗೀಟು ಹಾಕು, ಕತ್ತರಿಸು. ಎರಡನೇ ಸಲ ಟೇಪ್ ಮುಟ್ಟಿದ್ರೆ ನನ್ನಾಣೆ."

"ಆಣೆ ಗೀಣೆ ಯಾಕೆ ಮಗಾ..."

"ಇಪ್ಪತ್ತೆಂಟು ವರ್ಷ ತಪ್ಪಿಲ್ಲ ನೀನು. ಇವತ್ತೇ ತಪ್ತೀಯಾ?"

ಹನ್ನೊಂದೂವರೆಗೆ ಅಪ್ಪ ಬಟ್ಟೆ ಮಡಿಕೆ ಹಾಕಿ ಹಾಸ್ದ. ಆರೂ ಮಷೀನು ನಿಂತ್ವು. ಉಸಿರು ಒಳಗೆಳೆದ, ಹಿಡಿದ, ಟೇಪ್ ಎಳೀತಾ ಬಿಟ್ಟ. "ಐದು, ಆರು, ಏಳು, ಎಂಟು" ಅನ್ನೋದು ಗುಂಡಿ ಕಿವಿಗೂ ಬಿತ್ತು. ಅವಳು ನಗು ತಡ್ಕೊಂಡು ಸೂಜಿಗೆ ದಾರ ಪೋಣಿಸಿದ್ಳು. ಎಂಟು ಅಂದ ಜಾಗದಲ್ಲೇ ಸೀಮೆಸುಣ್ಣ ನಿಂತು ಗೀಟು ಎಳೀತು. ಆಮೇಲೆ ಕತ್ತರಿ. ಕರ್, ಕರ್, ಕರ್, ಒಂದ್ಕಡೆಯೂ ತಡವರಿಸ್ದೆ, ಬೆಣ್ಣೇಲಿ ಹೋದಂಗೆ ಹೋಯ್ತು.

"ಅಯ್ಯೋ ದೇವ್ರೇ, ಮೂರ್ಸಲ ಮಾಸ್ಟ್ರು ಒಂದೇ ಸಲಕ್ಕೆ!" ಕೋಟು ಹೊಲಿಯೋ ಅಕ್ಕ ಚಪ್ಪಾಳೆ ತಟ್ಟಿದ್ಳು. ಅವಳಿಗೆ ಅಲ್ಲಿ ಕೋಟಕ್ಕ ಅಂತ ಹೆಸರು. "ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನಮ್ಮಾ ಗುಂಡಿ?"

ಅಪ್ಪ ನಕ್ಕ. ಹಲ್ಲು ಕಾಣೋ ಹಾಗೆ. ಗುಂಡಿ ಆ ನಗು ನೋಡಿ ಎಷ್ಟು ದಿನ ಆಗಿತ್ತೋ.

ಹತ್ತು ನಿಮಿಷ ಆಗಿರ್ಬೇಕು. ಕೋಟಕ್ಕ ಬೆನ್ನಿನ ತುಂಡು ಬಿಚ್ಚಿ ಹಿಡಿದ್ಳು, ಅಳತೆ ಪುಸ್ತಕ ನೋಡಿದ್ಳು, ಮತ್ತೆ ತುಂಡು ನೋಡಿದ್ಳು. ಚಪ್ಪಾಳೆ ತಟ್ಟಿದ ಕೈ ಹಾಗೇ ಮಡಿಲಿಗೆ ಬಿತ್ತು.

"ಮಾಸ್ಟ್ರೇ, ಹೆಗಲು ಎಷ್ಟು ಹಾಕಿದ್ರಿ?"

"ಹದಿನೆಂಟು ತಾನೇ? ಮಡಿಕೆ ಮೇಲೆ ಅರ್ಧ. ಒಂಬತ್ತು."

"ಇಲ್ಲಿ ಎಂಟಿದೆ."

ಗುಂಡಿ ಸೂಜಿ ಕೆಳಗಿಟ್ಳು. ಎಂಟು ಅಂತ ಅವನು ಅಂದಿದ್ದು ಉಸಿರಿಗೆ, ಬಟ್ಟೆಗಲ್ಲ. ಅವಳಿಗೆ ಕೇಳ್ಸಿತ್ತು, ನಗೂ ಬಂದಿತ್ತು. ಎರಡು ಮಡಿಕೇಲಿ ಎರಡಿಂಚು ಕಮ್ಮಿ. ಕೂಡಿಸೋಕೆ ಉಳಿದಿದ್ದು ಅಂಗೈಯಗಲದ ಚೂರುಗಳು ಮಾತ್ರ.

ಅಪ್ಪ ಟೇಪ್ ತಗೊಂಡು ಅಳೆದ. ಮತ್ತೆ ಅಳೆದ. ಮೂರನೇ ಸಲವೂ ಅಳೆದ. ಎಂಟು ಎಂಟಾಗೇ ಇತ್ತು.

"ನಾನೇ ಸಾರ್, ನಾನೇ ಎಣಿಸ್ತಾ ಅಳಿ ಅಂದಿದ್ದು. ಒಂದೇ ಸಲ ಅಂತಾನೂ ನಾನೇ ಆಣೆ ಹಾಕಿದ್ದು," ಗುಂಡಿ ಓನರ್ರ ಹಿಂದೆ ಹಿಂದೆ ಓಡಿದ್ಳು. ಅವ್ರು ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಬೈಲಿಲ್ಲ. ವಕೀಲರಿಗೆ ಫೋನ್ ಮಾಡೋಕೆ ಹೊರಗೆ ಹೋದ್ರು. ಗಾಜಿನ ಬಾಗಿಲಾಚೆ ಅವ್ರು ಏನೋ ಹೇಳ್ತಾ, ಆಮೇಲೆ ಬಹಳ ಹೊತ್ತು ಸುಮ್ನೆ ಕೇಳಿಸ್ಕೊಳ್ತಾ ನಿಂತಿದ್ದು ಎಲ್ರಿಗೂ ಕಾಣ್ತಿತ್ತು.

ಒಳಗೆ ಬಂದು ಅಪ್ಪನ ಮುಂದೆ ಕೈ ಚಾಚಿದ್ರು. ಅಪ್ಪ ಕತ್ತರಿ ಕೊಟ್ಟ. ಕೊಡೋ ಮುಂಚೆ ಅದ್ರ ಅಲಗನ್ನ ಅಂಗಿ ತುದೀಲಿ ಒರೆಸ್ದ.

ಸಂಜೆ ಇಬ್ರೂ ಬಸ್ ಸ್ಟಾಪಿಗೆ ನಡ್ಕೊಂಡು ಹೊರಟ್ರು. ಹೆದರಿದ್ದೆಲ್ಲಾ ಆಗೇ ಹೋಯ್ತು, ಇನ್ನು ಹೆದರೋಕೆ ಏನೂ ಉಳಿದಿಲ್ಲ, ಈಗಲಾದ್ರೂ ಮನಸ್ಸು ಹಗುರಾಗುತ್ತೇನೋ ಅಂತ ಗುಂಡಿ ಓರೆಗಣ್ಣಲ್ಲಿ ಅಪ್ಪನ ಮುಖ ನೋಡ್ತಾನೇ ಇದ್ಳು.

"ಮಗಾ."

"ಹೂಂ, ಅಪ್ಪಾ."

"ಆ ಕತ್ತರಿ ತಿರುಪು ಸ್ವಲ್ಪ ಸಡಿಲ. ನನ್ನ ಕೈಗಾದ್ರೆ ಗೊತ್ತು. ಭಾಮೈದ ಬೆರಳು ಕುಯ್ಕೊಂಡ್ರೆ?"

ಗುಂಡಿಗೆ ನಾಲ್ಕು, ಏಳು, ಎಂಟು ಎಲ್ಲಾ ನಾಲಿಗೆ ತುದಿಗೆ ಬಂತು. ನುಂಗಿಕೊಂಡ್ಳು.

"ಕುಯ್ಕೊಳಲ್ಲ ಅಪ್ಪಾ."

"ಕುಯ್ಕೊಂಡ್ರೆ ಮಗಾ?"

"ಕುಯ್ಕೊಳಲ್ಲ."

ಬಸ್ಸು ಬಂತು. ಹತ್ತೋವಾಗ ಅಪ್ಪ ಮೂರನೇ ಸಲ ಕೇಳ್ದ. ಅವಳು ಮೂರನೇ ಸಲವೂ ಅದನ್ನೇ ಹೇಳಿದ್ಳು.